ಹೆಸರಿನ ಕೆಳಗೆ ಬಿಟ್ಟ ಜಾಗ

ನೀಲಕ್ಕನ ಸಮವಸ್ತ್ರದ ಕೊರಳಪಟ್ಟಿಯಲ್ಲಿ ಕೆಂಪು ದಾರ ಪೋಣಿಸಿದ ಸೂಜಿಯೊಂದು ಸದಾ ಚುಚ್ಚಿಕೊಂಡಿರುತ್ತಿತ್ತು. ಲಕ್ಷ್ಮೇಶ್ವರದ ಆಸ್ಪತ್ರೆಗೆ ಹೊಸ ಡಾಕ್ಟರು ಯಾರೇ ಬರಲಿ, ಈ ಹಿರಿಯ ನರ್ಸ್ ಮೊದಲ ದಿನವೇ ಅವರ ಬಿಳಿ ಕೋಟು ಇಸಿದುಕೊಂಡು ಎದೆಯ ಮೇಲೆ ಕನ್ನಡದಲ್ಲಿ ಹೆಸರು ಹೊಲಿದು ಕೊಡುತ್ತಿದ್ದರು. ಬೆಟಗೇರಿಯ ನೇಕಾರರ ಮನೆಯ ಮಗಳು, ಮಗ್ಗದಲ್ಲಿ ಉಳಿದ ಎಳೆಗಳಿಗೆ ಬರವಿರಲಿಲ್ಲ.

"ಹೆಸರು ಓದಾಕ ಬಂದ್ರ ಮಂದಿ ಧೈರ್ಯದಿಂದ ಕರೀತಾರ್ರಿ ಬಾಯಾರ," ಎನ್ನುತ್ತ ನನ್ನ ಕೋಟಿನ ಮೇಲೂ 'ಡಾ. ಗಿರಿಜಾ' ಮೂಡಿಸಿದರು. ಆ ಕಡೆ ಲೇಡಿ ಡಾಕ್ಟರನ್ನು ಕರೆಯುವುದೇ 'ಬಾಯಾರ' ಎಂದು. ನಾನಾಗ ಎಂಬಿಬಿಎಸ್ ಮುಗಿಸಿ ಕಡ್ಡಾಯ ಸರ್ಕಾರಿ ಸೇವೆಯ ವರ್ಷಕ್ಕೆ ಬಂದಿದ್ದ ಹುಡುಗಿ. ಹೆರಿಗೆ ಕೋಣೆಯಲ್ಲಿ ಪುಸ್ತಕದ ಮಾತೆತ್ತಿದರೆ, "ಅದನ್ನ ಆಮ್ಯಾಲ ಹೇಳೀರಂತ, ಮೊದ್ಲ ಕೂಸಿನ್ನ ಹಿಡೀರಿ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಬೆಳ್ಳಟ್ಟಿಯ ಹುಡುಗಿಯೊಬ್ಬಳಿಗೆ ಹೆರಿಗೆಯಾದ ಮೇಲೆ ರಕ್ತ ನಿಲ್ಲಲೇ ಇಲ್ಲ. ಗೊತ್ತಿದ್ದ ಔಷಧಿಯೆಲ್ಲ ಕೊಟ್ಟೆವು. ಗದಗಿಗೆ ಹೊರಟ ಆಂಬುಲೆನ್ಸಿನಲ್ಲಿ ನೀಲಕ್ಕ ಮೊಣಕಾಲೂರಿ, ಅವಳ ಕಿಬ್ಬೊಟ್ಟೆ ಒತ್ತಿ ಹಿಡಿದ ಕೈಯನ್ನು ದಾರಿಯುದ್ದಕ್ಕೂ ತೆಗೆಯಲಿಲ್ಲ. ಮಲ್ಲಸಮುದ್ರದ ಹತ್ತಿರ ಹುಡುಗಿ ಹೋಗಿಬಿಟ್ಟಳು. ಗದಗ ಆಗಲೇ ಕಾಣುತ್ತಿತ್ತು.

ಅದೇ ವರ್ಷ ಮುಂದಿನ ಓದಿಗೆ ನನಗೆ ಎರಡು ದಾರಿ ತೆರೆದವು. ಒಂದು, ಇಲ್ಲೇ ಗದಗಿನ ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಹೆರಿಗೆ ವೈದ್ಯೆಯಾಗುವುದು. ಇನ್ನೊಂದು, ದೂರದ ವಿಶ್ವವಿದ್ಯಾಲಯದ ದೊಡ್ಡ ಕಾಲೇಜು. ಇಲ್ಲಿ ಮೊದಲ ದಿನದಿಂದಲೇ ಕೈತುಂಬ ಕೆಲಸ. ಅಲ್ಲಿ ವರ್ಷಗಟ್ಟಲೆ ಹಿರಿಯರ ಬೆನ್ನ ಹಿಂದೆ ನಿಲ್ಲಬೇಕು, ಆದರೆ ನಾವು ಕಂಡೇ ಇರದ ಕಠಿಣ ಕೇಸುಗಳು ಬರುತ್ತವೆ. ನನಗೆ ಇಲ್ಲೇ ಇರುವ ಆಸೆ. ನೀಲಕ್ಕನೂ ಅದನ್ನೇ ಹೇಳುತ್ತಾರೆಂದುಕೊಂಡು ಕೇಳಿದೆ.

ಅವರು ಸೂಜಿಗೆ ದಾರ ಪೋಣಿಸುತ್ತ ಹೇಳಿದರು: "ನಿಮ್ಮನ್ನ ಇಲ್ಲೇ ಇಟ್ಕೋಬೇಕಂತ ನನಗೂ ಭಾಳ ಆಸೆ ಐತ್ರಿ. ಅವತ್ತ ನಾ ಕೈ ಬಿಡಲಿಲ್ಲ, ಖರೆ. ಆದ್ರ ಮುಂದ ಏನ್ ಮಾಡಬೇಕು ಅನ್ನೂದು ನನಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಅದನ್ನ ಕಲ್ತು ಬರ್ರಿ. ಬರ್ತೀರಿಲ್ಲೋ?"

ಬರುತ್ತೇನೆ ಎಂದೆ.

ದೊಡ್ಡ ಕಾಲೇಜಿನಲ್ಲಿ ಗೆಳತಿಯರು ಕೆಂಪಕ್ಷರ ನೋಡಿ ನಕ್ಕರು. ಕೋಟು ಪೆಟ್ಟಿಗೆಯ ತಳ ಸೇರಿತು. ಎರಡನೆಯ ವರ್ಷ ಬೆಟಗೇರಿಗೆ ಹೋದಾಗ ನೀಲಕ್ಕ ನಿವೃತ್ತರಾಗಿ ಮನೆಯಲ್ಲಿದ್ದರು.

"ಕೋಟು ಎಲ್ಲಿ ಐತ್ರಿ? ದಾರ ಬಿಚ್ಚಿದ್ರ ಹೊಲದು ಕೊಡ್ತೀನಿ."

ಒಗೆಯಲು ಹಾಕಿದ್ದೇನೆ ಎಂದು ಸುಳ್ಳು ಹೇಳಿದೆ. ಅವರು ನನ್ನ ಮುಖ ನೋಡಿ, "ಆತು ಬಿಡ್ರಿ, ಹೊಸಾದೊಂದು ಮಾಡಿಡ್ತೀನಿ" ಎಂದರು. ತೀರಾ ಸೊರಗಿದ್ದರು. ಡಾಕ್ಟರಾಗಿಯೂ ನಾನು ಏನು ಎತ್ತ ಎಂದು ಕೇಳಲಿಲ್ಲ. ಸುಳ್ಳಿನ ಅವಸರದಲ್ಲಿ ಎದ್ದು ಬಂದೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಓದು ಮುಗಿಸಿ ಬಂದಾಗ ಅವರು ತೀರಿಕೊಂಡು ತಿಂಗಳಾಗಿತ್ತು. ಸೊಸೆ ಮಡಚಿಟ್ಟ ಹೊಸ ಕೋಟು ತಂದುಕೊಟ್ಟಳು. "ಹೆಸರಿನ ಕೆಳಗ ಜಾಗಾ ಬಿಟ್ಟಾರ್ರಿ. ಏನ್ ಕಲ್ತು ಬಂದಾರ ಕೇಳಿ ಹೊಲೀತೀನಿ ಅಂತಿದ್ರು."

ಈಗ ಲಕ್ಷ್ಮೇಶ್ವರದಲ್ಲಿ ಅದನ್ನೇ ಹಾಕಿಕೊಳ್ಳುತ್ತೇನೆ. ಹೋದ ವಾರ ಶಿರಹಟ್ಟಿ ಕಡೆಯ ಬಾಣಂತಿಯೊಬ್ಬಳಿಗೆ ರಕ್ತ ನಿಲ್ಲದಾಯಿತು. ನಿಲ್ಲಿಸಿದೆ. ಬೆಳಗ್ಗೆ ಅವಳು ಕಣ್ತೆರೆದು, ನನ್ನ ಎದೆಯ ಮೇಲಿನ ಅಕ್ಷರ ಕೂಡಿಸಿ ಓದಿ, "ಗಿರಿಜಾ ಬಾಯಾರ, ಒಂದೀಟು ನೀರು ಕೊಡ್ರಿ" ಎಂದಳು.

ಇದನ್ನೇ ಕಲಿತು ಬಂದೆ ನೀಲಕ್ಕ. ಕೇಳಿ ಹೊಲಿಯಲು ನೀವಿಲ್ಲ.