ಮದುವೆ ಕಾಗದದ ಹಿಂಬದಿ

ಮೊನ್ನೆ ಮೈಸೂರಿಂದ ಫೋನಿಗೆ ಒಂದು ಮದುವೆ ಕಾಗದ ಬಂತು. ಹೂವು ಉದುರುತ್ತೆ, ಹಾಡು ಬರುತ್ತೆ, ಬೆರಳಿಟ್ಟರೆ ಛತ್ರದ ಮ್ಯಾಪ್ ತೆರೆಯುತ್ತೆ. ಅಮೆರಿಕದ ಕೆನ್ಮೋರಿನ ನಮ್ಮ ಅಡುಗೆಮನೆಯಲ್ಲಿ ನಿಂತು ನಾನು ಫೋನನ್ನೇ ತಿರುಗಿಸಿ ನೋಡಿದೆ. ಹಿಂದೆ ಏನಿರುತ್ತೆ, ಮಣ್ಣು! ಯಾಕೆ ತಿರುಗಿಸಿದೆ ಅಂತ ಹೇಳ್ತೀನಿ, ಕೇಳಿ.

ನನ್ನ ಮಾಮು, ಅಂದರೆ ಅಮ್ಮನ ತಮ್ಮ, ಮೈಸೂರಿನ ಮಂಡಿ ಮೊಹಲ್ಲಾದವರು. ನೆಂಟರಿಷ್ಟರಲ್ಲಿ ಯಾರ ಮದುವೆಯಾದರೂ ಕಾಗದ ಹಂಚೋಕೆ ಅವರ ಸೈಕಲ್ಲೇ ಆಗಬೇಕು. ಕೈಗೆ ಕೊಟ್ಟು ಬಾಯಿತುಂಬ ಕರೆಯದಿದ್ದರೆ ನಮ್ಮಲ್ಲಿ ಅದು ಕರೆದ ಹಾಗಲ್ಲ. ಪ್ರತಿ ಮದುವೆಯದೂ ಒಂದು ಕಾಗದ ತಾವೇ ಇಟ್ಕೊಂಡು, ಅದರ ಹಿಂದೆ ಅವತ್ತು ಅಲೆದ ಮನೆಗಳ ದಾರಿಯನ್ನು ಪೆನ್ಸಿಲ್‌ನಲ್ಲಿ ಬರೆಯೋರು. "ಬೀಡಿ ಕಟ್ಟುವವರ ಸಂದಿ, ನಲ್ಲಿಯಿಂದ ಮೂರನೇ ಬಾಗಿಲು. ಅಜ್ಜಿಗೆ ಕಿವಿ ಮಂದ, ಜೋರಾಗಿ ಕರೆಯಬೇಕು." "ಟಾಂಗಾ ಮಾರಿ ಆಟೋ ತಗೊಂಡರು." "ಈಗ ಇಲ್ಲಿಲ್ಲ. ಮನೆ ಕೆಡವಿ ಅಂಗಡಿ ಕಟ್ಟಿದಾರೆ." ಮೂವತ್ತು ವರ್ಷದ ಊರು ಒಂದು ಬಿಸ್ಕತ್ತಿನ ಡಬ್ಬದಲ್ಲಿತ್ತು.

ಆರು ವರ್ಷದ ಹಿಂದೆ ಮಾಮು ಆ ಮನೆ ಬಿಟ್ಟು ಮಗಳ ಮನೆಗೆ ಹೋಗುವಾಗ ಡಬ್ಬವನ್ನು ನನ್ನ ಕೈಗಿಟ್ಟರು. ನಾನೋ ರೆಡ್ಮಂಡ್‌ನಲ್ಲಿ ಸಾಫ್ಟ್‌ವೇರ್ ಬರೆಯುವ ಮಹಾ ಜಾಣ. ವಿಮಾನದಲ್ಲಿ ಭಾರ ಯಾಕೆ ಅಂತ ಒಂದೇ ಮಧ್ಯಾಹ್ನ ಕೂತು ಎಲ್ಲ ಸ್ಕ್ಯಾನ್ ಮಾಡಿದೆ, ಎರಡು ಕಡೆ ಬ್ಯಾಕಪ್ ಇಟ್ಟೆ, ಕಾಗದಗಳನ್ನು ರದ್ದಿಗೆ ಹಾಕಿದೆ. ಸ್ಕ್ಯಾನ್ ಮಾಡಿದ್ದು ಮುಂಬದಿ ಮಾತ್ರ. ಅದು ಹೊಳೆದದ್ದು ವಿಮಾನ ಹತ್ತಿದ ಮೇಲೆ.

ಅಲ್ಲಿಂದ ಪ್ರತಿ ಈದ್‌ಗೂ ಮಾಮು ಫೋನಲ್ಲಿ ಕೇಳೋರು, ಡಬ್ಬ ಹುಷಾರಾಗಿದೆ ತಾನೇ ಅಂತ. ಇದೆ ಮಾಮು ಅಂತಿದ್ದೆ. ನಿಜ ಹೇಳಬೇಕಂದ್ರೆ, ಆ ಸುಳ್ಳು ಹೊತ್ತು ಹೊತ್ತು ಸಾಕಾಗಿಹೋಗಿತ್ತು.

ಕೊನೆಗೆ ಸಿಕ್ಕಿಹಾಕಿಸಿದವಳು ಮಗಳು ಸನಾ. ಕಾಲೇಜಿನಲ್ಲಿ ಅವಳಿಗೆ ದಕ್ಷಿಣ ಭಾರತದ ಒಂದು ಊರು ಹೇಗೆ ಬದಲಾಯ್ತು ಅಂತ ಬರೆಯೋ ಕೆಲಸ, ಅದಕ್ಕೆ ಆಕರಗಳ ಪಟ್ಟಿ ಬೇರೆ. ಮೈಸೂರಿನ ಹಳೇ ನಕ್ಷೆ, ಗೆಜೆಟಿಯರು ಎಲ್ಲ ಗುಡ್ಡೆ ಹಾಕಿಕೊಂಡಿದ್ದಳು. ಅವುಗಳಲ್ಲಿ ಅರಮನೆ ಇತ್ತು, ನಲ್ಲಿ ಇರಲಿಲ್ಲ. ಮಾಮು ಬರೆದಿಟ್ಟ ದಾರಿಗಳ ಕಥೆ ಅವಳಿಗೆ ಅವರೇ ಹೇಳಿದ್ದರಂತೆ. ನನ್ನ ಫೋಲ್ಡರ್ ಪೂರ್ತಿ ನೋಡಿ, "ಬ್ಯಾಕ್ ಸೈಡ್ ಎಲ್ಲಿ, ಅಬ್ಬಾ?" ಅಂದಳು.

ಹೋದ ಭಾನುವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಮುಗೆ ವಿಡಿಯೋ ಕಾಲ್ ಮಾಡಿ ಎಲ್ಲ ಒಪ್ಪಿಕೊಂಡೆ. ಅವರು ಕನ್ನಡಕ ಹಾಕ್ಕೊಂಡರು. ಆಮೇಲೆ, ಮುಂದುಗಡೆ ಇದೆಯಲ್ಲ, ಅದನ್ನೇ ತೋರಿಸು ಅಂದರು. ಒಂದೊಂದೇ ತೋರಿಸಿದೆ. ಬೀಡಿ ಸಂದಿ, ಆಟೋ ತಗೊಂಡವರು, ಕಿವಿ ಮಂದದ ಅಜ್ಜಿ ಎಲ್ಲ ಮಾಮು ನೆನಪಿನಿಂದ ಎದ್ದು ಬಂದರು. ಸನಾ ಟೈಪ್ ಮಾಡ್ತಾ ಹೋದಳು. ಹದಿನಾಲ್ಕನೇ ಕಾಗದಕ್ಕೆ ಮಾಮು ತಡವರಿಸಿದರು.

"ಇದು ಯಾರ ಮದುವೆ?"

"ನನ್ನದೇ, ಮಾಮು."

ಕನ್ನಡಕ ತೆಗೆದು ಒರೆಸಿಕೊಂಡರು. "ಯಾವ್ಯಾವ ಮನೆಗೆ ಹೋಗಿದ್ದೆನೋ, ಒಂದೂ ನೆನಪಾಗ್ತಿಲ್ಲ. ಆಗಲೇ ಕೇಳಿದ್ದರೆ ಹೇಳ್ತಿದ್ದೆ ಕಣೋ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೊನ್ನೆ ಬಂದ ಕಾಗದವನ್ನು ಪ್ರಿಂಟ್ ತೆಗೆದೆ. ಹಾಡೂ ಇಲ್ಲ, ಉದುರೋ ಹೂವೂ ಇಲ್ಲ, ಹಿಂದುಗಡೆ ಖಾಲಿ ಬಿಳಿ. ಪೆನ್ಸಿಲ್ ಹುಡುಕಿ ಬರೆದೆ: "ಮಾಮು ಈಗ ಮಗಳ ಮನೆಯಲ್ಲಿದಾರೆ. ಮರೆವು ಶುರುವಾಗಿದೆ, ದಿನಾ ಫೋನಲ್ಲಿ ಕರೆಯಬೇಕು."