ಸಾಖರಪುಡೆಯ ಶರಬತ್ತು

ಶೇಗಾಂವದ ಆ ನಿವೃತ್ತ ಹೆಡ್‌ಮಾಸ್ತರರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಗನಿಗೆ ಹೆಣ್ಣು ನೋಡಲು ಕರಜಗಿಯ ನಮ್ಮ ಮನೆಗೆ ಬಂದವರು, ನನ್ನ ಮುಖ ನೋಡುವ ಮೊದಲೇ ಸಾಖರಪುಡೆಯ ಸಕ್ಕರೆ ಪೊಟ್ಟಣ ಕಟ್ಟಿಸಿಕೊಂಡು ಬಂದಿದ್ದರು. ನಾಲ್ಕು ಜನರೆದುರು ಅದನ್ನು ಹುಡುಗಿಯ ಉಡಿಗೆ ಹಾಕಿದರೆ ಸಂಬಂಧ ಗಟ್ಟಿಯಾದಂತೆ. ಹುಡುಗಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಮೊಬೈಲ್ ಫೋನು ನಮ್ಮ ಕಡೆ ಹೊಸದಾಗಿ ಬಂದಿದ್ದ ಕಾಲ. ನಾನು ಪುಣೆಯಲ್ಲಿ ಪಿಎಚ್‌ಡಿಯ ಕೊನೆಯ ವರ್ಷದಲ್ಲಿದ್ದೆ. ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಒಂದರ ಕೈ ಒಂದು ಹಿಡಿದಿರುತ್ತವೆ. ಬಿಡುತ್ತವೆ, ಮತ್ತೊಂದರದು ಹಿಡಿಯುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕವಿಲ್ಲದಷ್ಟು ಸಲ. ಅದನ್ನು ನೋಡಲು ಅಷ್ಟೇ ಚುರುಕಿನ ಲೇಸರ್ ಬೇಕು: ಬೆಳಕಿನ ಒಂದು ಮಿಂಚು ನೀರನ್ನು ಅಲುಗಿಸುತ್ತದೆ, ಬೆನ್ನಿಗೇ ಬಂದ ಇನ್ನೊಂದು ಏನಾಯಿತೆಂದು ನೋಡುತ್ತದೆ. ನೀರಿಗೆ ಸಕ್ಕರೆ ಬೆರೆತರೆ ಈ ಆಟ ಎಷ್ಟು ನಿಧಾನವಾಗುತ್ತದೆ ಎಂಬುದೇ ನನ್ನ ವಿಷಯವಾಗಿತ್ತು.

“ನೀರ ನೋಡಾಕ ಪುಣೆಕ್ಕ ಯಾಕ ಹೋಗಬೇಕವಾ? ನಿಮ್ಮ ಬಾವ್ಯಾಗ ಇಲ್ಲೇನು?” ಎಂದು ಮಾಸ್ತರರು ಹೊಟ್ಟೆ ಅಲುಗುವಂತೆ ನಕ್ಕರು. “ಲಗ್ನ ಆತಂದ್ರ ಅದೆಲ್ಲಾ ಬಂದ್. ನಮ್ಮ ಸಾಲ್ಯಾಗ ಒಂದ ಜಾಗಾ ಐತಿ, ಅಲ್ಲೇ ಕಲಿಸಾಕ ಹಚ್ಚತೀನಿ.”

ಅಪ್ಪ ಕಂಬಕ್ಕೊರಗಿ ಸುಮ್ಮನೆ ಕುಳಿತಿದ್ದರು. ಮಾಸ್ತರರ ನಗುವಿಗಿಂತ ಅಪ್ಪನ ಮೌನಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

“ಇದನ್ನ ತಾಟಿನ್ಯಾಗ ಇಟಗೊಂಡ ಬಾರವಾ, ಲಗೂನ” ಎಂದು ಮಾಸ್ತರರ ಹೆಂಡತಿ ಪೊಟ್ಟಣವನ್ನು ನನ್ನ ಕೈಗೇ ಕೊಟ್ಟರು. ನನ್ನನ್ನು ಕಟ್ಟಿಹಾಕುವ ಸಕ್ಕರೆಯನ್ನು ನಾನೇ ಸಿಂಗರಿಸಿ ತರಬೇಕಂತೆ! ಪುಣೆಗೆ ಮರಳುವ ದಾರಿ ಆ ಪೊಟ್ಟಣದಲ್ಲೇ ಮುಗಿಯುವುದಿತ್ತು.

ಅಡುಗೆಮನೆಗೆ ಹೋದವಳೇ ಪೊಟ್ಟಣ ಹರಿದು, ಅಷ್ಟೂ ಸಕ್ಕರೆಯನ್ನು ಕೊಡದಲ್ಲಿದ್ದ ನೀರಿಗೆ ಸುರಿದೆ. ನಿಂಬೆಹಣ್ಣು ಹಿಂಡಿ, ಒಂದು ಹರಳೂ ಉಳಿಯದಂತೆ ಕಲಕಿದೆ. ಗ್ಲಾಸುಗಳಿಗೆ ತುಂಬಿ ತಂದು ಅವರಿಗೂ ಅಪ್ಪನಿಗೂ ಕೊಟ್ಟೆ. ಬಿಸಿಲಲ್ಲಿ ಬಂದವರು, ಗಟಗಟ ಕುಡಿದರು.

“ಭಾಳ ಚಲೋ ಆಗೇತಿ. ಈಗ ಆ ಸಕ್ಕರಿ ತಾ” ಎಂದರು ಮಾಸ್ತರರು.

“ಅದನ್ನ ಈಗ ಕುಡದ್ರಲ್ರಿ” ಎಂದೆ.

ಅವರ ಮುಖ ಕೆಂಪಾಯಿತು. ಹೆಂಡತಿ ಸೆರಗು ಸರಿಮಾಡಿಕೊಂಡು ಎದ್ದೇ ನಿಂತರು.

“ಏನ್ರಿ ಇದು? ಮಗಳಿಗೆ ಎರಡ ಮಾತ ಬುದ್ಧಿ ಹೇಳ್ರಿ!” ಎಂದು ಮಾಸ್ತರರು ಅಪ್ಪನ ಮೇಲೆ ಹರಿಹಾಯ್ದರು.

ಅಪ್ಪ ನನ್ನತ್ತ ನೋಡಿದರು. ತಮ್ಮ ಖಾಲಿ ಗ್ಲಾಸನ್ನು ನನ್ನ ಕಡೆ ಚಾಚಿದರು.

“ಇನ್ನೊಂದೀಟ ಹಾಕವಾ. ನಾಳಿ ಮುಂಜಾನಿ ಪುಣೆ ಗಾಡಿಗೆ ನಾನ ಬಂದ ಹತ್ತಸ್ತೀನಿ.”