ಹನ್ನೆರಡು ಟ್ಯಾಪೆಟ್, ಒಂದೇ ಕಿವಿ

ಗಂಗಾವತಿಯಲ್ಲಿ ನನ್ನ ಗ್ಯಾರೇಜು ನಡೆಯುತ್ತಿದ್ದುದು ನನ್ನ ಕಿವಿಯ ಮೇಲೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಬೇರಿಂಗ್ ಹೋಗಿದೆಯೋ ವಾಲ್ವ್ ಹೋಗಿದೆಯೋ ಬಿಚ್ಚದೆಯೇ ಹೇಳಿಬಿಡುತ್ತಿದ್ದೆ. ಕುಷ್ಟಗಿ, ಯಲಬುರ್ಗಾದವರೂ ಕೆಟ್ಟ ಜೀಪನ್ನು ಲಾರಿಗೆ ಕಟ್ಟಿ ನನ್ನಲ್ಲಿಗೇ ಎಳೆಸಿಕೊಂಡು ಬರುತ್ತಿದ್ದರು. ನನಗೆ ಸೊಕ್ಕೂ ಇತ್ತು, ಸುಳ್ಳೇಕೆ ಹೇಳಲಿ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಆ ಕಿವಿ ಕೈಕೊಟ್ಟಿತ್ತು. ಗ್ಯಾರೇಜು ಹಾಕುವ ಮೊದಲು ಅಕ್ಕಿ ಗಿರಣಿಯಲ್ಲಿ ಹನ್ನೊಂದು ವರ್ಷ ದುಡಿದಿದ್ದೆ. ದೊಡ್ಡ ಎಣ್ಣೆ ಇಂಜಿನ್ನು ಯಾವಾಗಲೂ ನನ್ನ ಎಡಕ್ಕಿರುತ್ತಿತ್ತು. ಅದರ ಪೆಟ್ಟು ತಡವಾಗಿ ತಟ್ಟಿ ಎಡಗಿವಿ ಪೂರ್ತಿ ಹೋಯಿತು. ಬಲಗಿವಿಗೆ ಮಾತು ಕೇಳುತ್ತಿತ್ತು, ದಪ್ಪ ಸದ್ದು ಕೇಳುತ್ತಿತ್ತು, ಸಣ್ಣ ಸದ್ದು ಮಾತ್ರ ಕೇಳುತ್ತಿರಲಿಲ್ಲ. ಇಂಜಿನ್ನಿನ ರೋಗವೆಲ್ಲ ಇರುವುದು ಸಣ್ಣ ಸದ್ದಿನಲ್ಲೇ. ಇದನ್ನು ನಾನು ಯಾರಿಗೂ ಹೇಳಲಿಲ್ಲ, ಮನೆಯಲ್ಲಿ ಹೆಂಡತಿಗೂ ಹೇಳಲಿಲ್ಲ. ಎಂದಿನಂತೆ ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚುತ್ತಿದ್ದೆ. ಗಿರಾಕಿ ಏನು ಹೇಳುತ್ತಾನೆ, ಗಾಡಿ ಎಷ್ಟು ಹೊಗೆ ಬಿಡುತ್ತದೆ, ಕೈಗೆ ಎಂಥ ನಡುಕ ತಾಗುತ್ತದೆ ಎಂಬುದನ್ನು ಕೂಡಿಸಿ ಕಳೆದು ರೋಗದ ಹೆಸರು ಹೇಳುತ್ತಿದ್ದೆ. ಹೇಳಿದ್ದು ಬಹಳ ಸಲ ಸರಿಯಾಗುತ್ತಿತ್ತು. ಸರಿಯಾಗದ ದಿನ ಬಂದರೆ ಏನು ಗತಿ ಎಂಬ ಭಯ ಮಾತ್ರ ಇದ್ದೇ ಇರುತ್ತಿತ್ತು.

ಆ ದಿನವನ್ನು ತಂದದ್ದು ಒಂದು ಹಳೆಯ ಅಮೆರಿಕದ ಕಾರು. ಸಿದ್ದಾಪುರದ ಕಡೆಯ ಗಿರಣಿ ಸಾವ್ಕಾರರು ಅದನ್ನು ಹೈದರಾಬಾದಿನಲ್ಲಿ ಕೊಂಡಿದ್ದರು. ಕಾರಿನ ಜೊತೆಗೆ ಅದನ್ನು ಇಪ್ಪತ್ತು ವರ್ಷ ಓಡಿಸಿದ್ದ ಮುದಿ ಡ್ರೈವರನೂ ಬಂದಿದ್ದ. ಬಾನೆಟ್ಟೇ ಒಂದು ಮಂಚದಷ್ಟಿತ್ತು. ಸಾವ್ಕಾರರು ಇಳಿದವರೇ ಹೇಳಿದರು.

“ಮಿಸ್ತ್ರಿ, ಒಂದs ಸವನ ಟಿಕ್ ಟಿಕ್ ಅಂತೈತಿ. ಮಂದಿ ತಿರುಗಿ ನೋಡ್ತಾರ. ಭಾಳ ನಾಚಿಕಿ ಬರ್ತೈತಿ.”

ನಾನು ಸ್ಕ್ರೂಡ್ರೈವರ್ ಇಟ್ಟೆ, ಕಣ್ಣು ಮುಚ್ಚಿದೆ. ನನಗೆ ಕೇಳಿದ್ದು ಸೈಲೆನ್ಸರಿನ ಗುಡುಗುಡು ಮಾತ್ರ. ಟಿಕ್ ಟಿಕ್ ಅಂದಮೇಲೆ ಇನ್ನೇನಿರುತ್ತದೆ?

“ಟ್ಯಾಪೆಟ್ಟು. ಸಂದು ಜಾಸ್ತಿ ಆಗೇತ್ರಿ,” ಎಂದೆ.

ವಾಲ್ವನ್ನು ತೆರೆಯಲು ಕೆಳಗಿನಿಂದ ತಳ್ಳುವ ತುಂಡೇ ಟ್ಯಾಪೆಟ್ಟು. ನಮ್ಮ ಕಡೆಯ ಅಂಬಾಸಿಡರು, ಜೀಪು, ಟ್ರ್ಯಾಕ್ಟರು ಎಲ್ಲದರಲ್ಲೂ ಅಲ್ಲಿ ಕೂದಲೆಳೆಯಷ್ಟು ಸಂದು ಬಿಡಬೇಕು. ತೆಳು ತಗಡಿನ ಗೇಜ್ ತೂರಿಸಿ ಸ್ಕ್ರೂ ಬಿಗಿದರೆ ಆಯಿತು, ನಿದ್ದೆಗಣ್ಣಿನಲ್ಲೂ ಮಾಡಬಹುದಾದ ಕೆಲಸ. ನಾನು ಗೇಜ್ ಕೈಗೆತ್ತಿಕೊಂಡಾಗ ಆ ಡ್ರೈವರ್ ಹತ್ತಿರ ಬಂದು, “ಉಸ್ತಾದ್, ಇದರಾಗ…” ಎಂದು ಬಾಯಿ ತೆಗೆದ. ನಾನು ಕೈಯೆತ್ತಿ ಅವನ ಬಾಯಿ ಮುಚ್ಚಿಸಿದೆ. ಸ್ಟೀರಿಂಗ್ ಹಿಡಿಯುವವನು ಸ್ಪ್ಯಾನರ್ ಹಿಡಿಯುವವನಿಗೆ ಪಾಠ ಹೇಳುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಹಿಂದೆ ಸರಿದ.

ಹನ್ನೆರಡು ವಾಲ್ವಿಗೂ ಅಳೆದು ಸಂದು ಬಿಟ್ಟೆ. ಮುಚ್ಚಳ ಹಾಕಿ ಇಂಜಿನ್ ಶುರು ಮಾಡಿಸಿದೆ. ಅದೇ ದಪ್ಪ ಗುಡುಗುಡು. ಕೈ ಒರೆಸಿಕೊಳ್ಳುತ್ತ ಗತ್ತಿನಿಂದ ಹೇಳಿದೆ.

“ನೋಡ್ರಿ ಸಾವ್ಕಾರ್ರ, ಬಾಯಿ ಮುಚ್ಚಿತು.”

ಪಕ್ಕದ ಪಂಕ್ಚರ್ ಅಂಗಡಿಯವನು ಕೆಲಸ ಬಿಟ್ಟು ಎದ್ದು ಬಂದು ನನ್ನನ್ನೇ ನೋಡುತ್ತಿದ್ದ. ಸಾವ್ಕಾರರ ಮುಖ ಕೆಂಪಾಗಿತ್ತು. ಮುಚ್ಚಳದ ಮೇಲೆ ಕೈ ಇಟ್ಟೆ. ಕೆಳಗೆ ಹನ್ನೆರಡೂ ಟ್ಯಾಪೆಟ್ಟುಗಳು ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿದ್ದವು. ಮೊದಲು ಒಂದು ಬಡಿಯುತ್ತಿತ್ತು, ಈಗ ಎಲ್ಲವೂ. ಬೀದಿಯ ಆ ತುದಿಯವರೆಗೂ ಕೇಳುತ್ತಿದ್ದ ಸದ್ದು ಅದರ ಪಕ್ಕದಲ್ಲೇ ನಿಂತ ನನಗೆ ಕೇಳಿರಲಿಲ್ಲ.

“ಚ್ಯಾಷ್ಟಿ ಮಾಡ್ತೀಯೇನ?” ಎಂದರು ಸಾವ್ಕಾರರು. ಅವರು ಕೂಗಿದ್ದರಿಂದ ಅದು ಕೇಳಿತು. “ಊಟ ಮಾಡಿ ಬರ್ತೀನಿ. ಅಷ್ಟರಾಗ ಸದ್ದು ನಿಂತಿರಬೇಕು. ಇಲ್ಲಾಂದ್ರ ಗಾಡಿ ಹೊಸಪೇಟಿಗೆ ಹೋಗ್ತೈತಿ. ನನ್ನ ಗಿರಣಿ ಇಂಜಿನ್ನೂ ಇನ್ನ ನೀ ಮುಟ್ಟಬ್ಯಾಡ.”

ಆ ಗಿರಣಿಯ ಕೆಲಸ ಹೋದರೆ ಉಳಿದ ಗಿರಣಿಯವರೂ ಕೈಬಿಡುತ್ತಾರೆ. ಮಿಸ್ತ್ರಿಗೆ ಕಿವಿಯಿಲ್ಲ ಎಂಬ ಸುದ್ದಿ ಸಂಜೆಯೊಳಗೆ ಕೊಪ್ಪಳ ಮುಟ್ಟುತ್ತದೆ. ಕಿವಿಯಿಲ್ಲದ ಮಿಸ್ತ್ರಿಯ ಹತ್ತಿರ ಯಾರು ಗಾಡಿ ತರುತ್ತಾರೆ?

ಸಾವ್ಕಾರರು ಹೋದಮೇಲೆ ಡ್ರೈವರ್ ನನ್ನ ಮುಂದೆ ಬಂದು, ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದ.

“ಉಸ್ತಾದ್, ಈ ಗಾಡಿ ಟ್ಯಾಪೆಟ್ಟಿನ ಹೊಟ್ಟ್ಯಾಗ ಎಣ್ಣಿ ಇರ್ತೈತ್ರಿ. ಎಣ್ಣಿನs ಸಂದು ತುಂಬತೈತಿ. ಇದಕ್ಕ ಗೇಜ್ ಬ್ಯಾಡ, ಸಂದು ಬಿಟ್ರ ಎಲ್ಲಾ ಬಡೀತಾವ.”

“ಮೊದಲs ಹೇಳಬಾರದಿತ್ತೇನು?”

“ಹೇಳಾಕ ಬಂದಿದ್ದೆ. ನೀವು ಬಿಟ್ರೇನು?”

ನನ್ನ ಸಿಟ್ಟು ನನಗೇ ತಿರುಗಿತು. ಏನು ಎಣ್ಣೆ ಹಾಕುತ್ತೀರಿ ಎಂದು ಕೇಳಿದೆ. ಸಾವ್ಕಾರರು ಗಿರಣಿ ಇಂಜಿನ್ನಿನ ಪೀಪಾಯಿಯಿಂದಲೇ ಹಾಕಿಸುತ್ತಾರೆ ಎಂದ. ಕಾಲುವೆ ಸೀಮೆಯಲ್ಲಿ ಗಿರಣಿ ಇದ್ದವರೆಲ್ಲ ಮಾಡುವುದೇ ಹಾಗೆ, ಎಲ್ಲ ಯಂತ್ರಕ್ಕೂ ಅದೇ ಪೀಪಾಯಿ. ಆ ದಪ್ಪ ಎಣ್ಣೆ ಇಂಥ ಸೂಕ್ಷ್ಮ ತುಂಡಿನೊಳಗೆ ಹೇಗೆ ಇಳಿದೀತು?

ಇಂಜಿನ್ ಆರಿಸಿ ಮುಚ್ಚಳ ತೆಗೆದೆ. ಇನ್ನು ಕಿವಿಯ ನಾಟಕ ನಡೆಯುವಂತಿರಲಿಲ್ಲ, ಬೆರಳುಗಳನ್ನೇ ನಂಬಬೇಕಿತ್ತು. ಡ್ರೈವರ್ ಇಂಜಿನ್ನನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿದ. ವಾಲ್ವ್ ಮುಚ್ಚಿದಾಗಲೆಲ್ಲ ನಾನು ಅದರ ಟ್ಯಾಪೆಟ್ಟನ್ನು ಮೇಲಿನಿಂದ ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಒಳಗೆ ಎಣ್ಣೆ ತುಂಬಿದ್ದರೆ ಜಗ್ಗಬಾರದು, ತುಂಬದಿದ್ದರೆ ಕುಸಿಯಬೇಕು. ಒಂದು, ಎರಡು, ಮೂರು, ಎಲ್ಲ ಕಲ್ಲಿನಂತೆ ಗಟ್ಟಿ. ಎಂಟರವರೆಗೂ ಹಾಗೇ. ಎಣ್ಣೆಯದೇ ದೋಷ ಎಂಬ ನನ್ನ ಅಂದಾಜೇ ತಪ್ಪಿರಬಹುದು ಅನಿಸಿತು. ಒಂಬತ್ತನೆಯದು ನೆನೆದ ಮಣ್ಣಿನಂತೆ ಮೆತ್ತಗೆ ಕೆಳಗಿಳಿಯಿತು.

ಉಳಿದ ಮೂರೂ ಗಟ್ಟಿಯೇ. ಒಂಬತ್ತನೆಯದನ್ನು ಹೊರಗೆ ತೆಗೆದು ಬಿಚ್ಚಿದೆ. ಒಳಗೆ ಸಣ್ಣ ಸ್ಪ್ರಿಂಗು, ಅದರ ಸುತ್ತ ಡಾಂಬರಿನಂಥ ಕಪ್ಪು ಜಿಗಟು. ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದೆ. ಗಿರಣಿ ಎಣ್ಣೆಯನ್ನೆಲ್ಲ ಬಸಿದು ತೆಳು ಎಣ್ಣೆ ಹಾಕಿದೆ. ಆಮೇಲೆ ಅದನ್ನು ಮತ್ತೆ ಕೂಡಿಸಿ, ಹನ್ನೆರಡನ್ನೂ ಹೊಸದಾಗಿ ಹೊಂದಿಸಿದೆ. ಟ್ಯಾಪೆಟ್ಟಿನ ಮೇಲೆ ಕೂತು ವಾಲ್ವಿನ ಕಡೆಗೆ ತಳ್ಳುವ ಕಡ್ಡಿಯನ್ನು ಎರಡು ಬೆರಳಲ್ಲಿ ಹೊರಳಿಸುತ್ತ ಸ್ಕ್ರೂ ಬಿಗಿಯುವುದು, ಕಡ್ಡಿ ಹೊರಳುವುದು ಬಿಗಿಯಾದಾಗ ಸಂದು ಹೋಯಿತೆಂದು ತಿಳಿದು ಇನ್ನೊಂದು ಸುತ್ತು ಕೊಡುವುದು. ಗೇಜ್ ಮುಟ್ಟಲಿಲ್ಲ.

ಅಷ್ಟರಲ್ಲಿ ಸಾವ್ಕಾರರು ಬಂದರು. ನನ್ನ ಊಟದ ಬುತ್ತಿ ಹಿಡಿದು ಹೆಂಡತಿಯೂ ಬಂದು ನನ್ನ ಎಡಗಡೆ ನಿಂತಳು. ಬೆಳಗಿನ ಸುದ್ದಿ ಕೇಳಿ ನಾಲ್ಕಾರು ಮಂದಿ ಆಗಲೇ ನೆರೆದಿದ್ದರು. ಡ್ರೈವರ್ ಇಂಜಿನ್ ಶುರು ಮಾಡಿದ. ಎಣ್ಣೆ ಒಳಗಿಳಿಯಲು ಕೆಲವು ನಿಮಿಷ ಬೇಕು ಎಂದು ಹೇಳಿ ಕಾದೆ. ಮುಚ್ಚಳದ ಮೇಲೆ ಕೈ ಇಟ್ಟೇ ಇದ್ದೆ. ಬಡಿತ ಕಡಿಮೆಯಾದಂತೆ ಕೈಗೆ ಅನಿಸಿತು. ಆದರೆ ಪೂರ್ತಿ ನಿಂತಿದೆಯೋ, ಒಂದು ಸಣ್ಣ ಟಿಕ್ ಉಳಿದಿದೆಯೋ, ಕೈಗೆ ತಿಳಿಯುವಂತಿರಲಿಲ್ಲ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬೆಳಿಗ್ಗೆ ಇದೇ ಜಾಗದಲ್ಲಿ ನಿಂತು ಸುಳ್ಳು ಹೇಳಿದ್ದೆ. ಎರಡನೆಯ ಸಲ ಹೇಳಲು ಬಾಯಿ ಬರಲಿಲ್ಲ.

“ನನಗ ಕೇಳಸಂಗಿಲ್ರಿ,” ಎಂದೆ. “ಭಾಳ ದಿವಸ ಆತು. ನೀವs ಹೇಳ್ರಿ, ಸದ್ದು ಐತೋ, ನಿಂತೈತೋ?”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆಗ ಹೆಂಡತಿ ಬುತ್ತಿಯನ್ನು ನೆಲಕ್ಕಿಟ್ಟು, ನನ್ನ ಬೆನ್ನ ಹಿಂದಿನಿಂದ ಸುತ್ತು ಹಾಕಿ ಬಲಗಡೆ ಬಂದಳು.

“ನಿಂತೈತ್ರಿ,” ಎಂದಳು. “ಪೂರಾ ನಿಂತೈತಿ.”

ಸಾವ್ಕಾರರು ಬಾನೆಟ್ಟಿನ ಆಚೆಯಿಂದ ತಲೆಯಾಡಿಸಿದರು. ಆಮೇಲೆ ಅವಳ ಕಡೆ ತಿರುಗಿ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತಾಡಿದರು. ಆ ಮಾತು ನನಗೆ ಕೇಳಲಿಲ್ಲ, ತುಟಿ ನೋಡಿ ತಿಳಿಯಿತು.

“ಯವ್ವಾ, ನಾಳೆ ಗಿರಣಿ ಇಂಜಿನ್ ನೋಡಾಕ ಬರಬೇಕಂತ ಇವಗ ಹೇಳವಾ.”

ಕೆಲಸ ಉಳಿಯಿತು ಎಂದು ಹಿಗ್ಗಬೇಕಿತ್ತು. ಹಿಗ್ಗು ಬರಲಿಲ್ಲ, ಮುಖಕ್ಕೆ ಹೊಡೆದಂತಾಯಿತು. ಹೆಂಡತಿ ಸೆರಗು ಸರಿಮಾಡಿಕೊಂಡು, ನನಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ಅವರಿಗೇ ಹೇಳ್ರಿ, ಸಾವ್ಕಾರ್ರ. ಬಲಗಡಿ ನಿಂತು ಹೇಳ್ರಿ, ಕೇಳಸ್ತೈತಿ. ನಾ ಎರಡು ವರ್ಷದಿಂದ ಹಂಗs ಮಾತಾಡಾಕತ್ತೀನಿ.”

ಸಾವ್ಕಾರರು ಅಷ್ಟುದ್ದದ ಕಾರನ್ನು ಸುತ್ತಿಕೊಂಡು ನನ್ನ ಬಲಕ್ಕೆ ಬಂದು, ಅದೇ ಮಾತನ್ನು ನನಗೆ ಹೇಳಿದರು.